ಅಮೆರಿಕದಲ್ಲಿ ಸ್ವಂತ ಕಂಪನಿ ಶುರು ಮಾಡಬೇಕೇ? ಭಾರತದ ಪಾಸ್‌ಪೋರ್ಟ್ ಇರುವವರಿಗೆ ವೀಸಾ ದಾರಿಗಳು

"ಎಚ್-1ಬಿ ಮೇಲಿದ್ದೇನೆ. ಸ್ವಂತ ಕಂಪನಿ ಶುರು ಮಾಡಬಹುದಾ?" ಓದುಗರಿಂದ ನನಗೆ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ಎಚ್-1ಬಿ ಅಂದರೆ ಅಮೆರಿಕದ ಕಂಪನಿಯೊಂದು ಅರ್ಜಿ ಹಾಕಿ ಕೊಡಿಸುವ ಕೆಲಸದ ವೀಸಾ. ಕೇಳುವವರಲ್ಲಿ ಮೂರು ಥರದವರಿದ್ದಾರೆ. ಅಮೆರಿಕದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿ ಈಗ ಸ್ವಂತದ್ದೇನಾದರೂ ಕಟ್ಟಬೇಕು ಅನ್ನುವವರು. ಅಲ್ಲಿ ಎಂಎಸ್ ಮುಗಿಸುತ್ತಿರುವ ವಿದ್ಯಾರ್ಥಿಗಳು. ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಆಗಲೇ ಕಂಪನಿ ನಡೆಸುತ್ತಾ ಅಮೆರಿಕದಲ್ಲೊಂದು ಆಫೀಸ್ ತೆರೆಯಲು ಹೊರಟವರು. ಮೂವರಿಗೂ ದಾರಿ ಇದೆ. ಆದರೆ ಮೂವರ ದಾರಿಯೂ ಬೇರೆ ಬೇರೆ.

ಅಮೆರಿಕದಲ್ಲಿ "ಸ್ಟಾರ್ಟಪ್ ವೀಸಾ" ಅನ್ನುವ ಹೆಸರಿನ ವೀಸಾ ಇಲ್ಲ. ಬೇರೆ ಬೇರೆ ಕಾರಣಕ್ಕೆ ಮಾಡಿದ ವೀಸಾಗಳಲ್ಲಿ ನಮಗೆ ಹೊಂದುವುದನ್ನು ಹುಡುಕಿಕೊಳ್ಳಬೇಕು. ಹಾಗಾಗಿ "ಯಾವ ವೀಸಾ ಒಳ್ಳೆಯದು" ಎಂದು ಕೇಳುವ ಬದಲು "ನಾನು ಈಗ ಎಲ್ಲಿ ನಿಂತಿದ್ದೇನೆ" ಎಂದು ಕೇಳಿಕೊಳ್ಳಿ. ಕೆಳಗಿನ ಹಂತಗಳನ್ನು ಅದೇ ಕ್ರಮದಲ್ಲಿ ಇಟ್ಟಿದ್ದೇನೆ. ಇದು ಸಾಮಾನ್ಯ ಮಾಹಿತಿ. ಅರ್ಜಿ ಹಾಕುವ ಮುಂಚೆ ವಲಸೆ ವಕೀಲರನ್ನು ನೋಡಲೇಬೇಕು. ಈಚೆಗೆ ನಿಯಮಗಳು ತುಂಬ ಬೇಗ ಬದಲಾಗುತ್ತಿವೆ.

ಹಂತ 1: ಒಡೆತನ ಬೇರೆ, ಕೆಲಸ ಬೇರೆ ಎಂದು ತಿಳಿದುಕೊಳ್ಳಿ

ಎಲ್ಲಕ್ಕಿಂತ ಜಾಸ್ತಿ ಗೊಂದಲ ಇರುವುದು ಇಲ್ಲೇ. ಅಮೆರಿಕದಲ್ಲಿ ಕಂಪನಿಯ ಮಾಲೀಕರಾಗಲು ಯಾವ ವೀಸಾವೂ ಬೇಕಿಲ್ಲ. ಬೆಂಗಳೂರಿನ ಮನೆಯಲ್ಲೇ ಕೂತು ಅಮೆರಿಕದ ಡೆಲವೇರ್ ರಾಜ್ಯದಲ್ಲಿ ಕಂಪನಿ ನೋಂದಾಯಿಸಬಹುದು. ಷೇರು ಇಟ್ಟುಕೊಳ್ಳಬಹುದು, ಡಿವಿಡೆಂಡ್ ಪಡೆಯಬಹುದು. ಅನುಮತಿ ಬೇಕಾಗುವುದು ಅಮೆರಿಕದ ನೆಲದ ಮೇಲೆ ಇದ್ದುಕೊಂಡು ಆ ಕಂಪನಿಗಾಗಿ ಕೆಲಸ ಮಾಡುವುದಕ್ಕೆ.

ಹಾಗಾದರೆ ಕೆಲಸ ಅಂದರೆ ಯಾವುದು? ಕಂಪನಿ ನೋಂದಾಯಿಸುವುದು, ಬ್ಯಾಂಕ್ ಖಾತೆ ತೆರೆಯುವುದು, ಮಾರುಕಟ್ಟೆ ಹೇಗಿದೆ ಎಂದು ನೋಡುವುದು, ಹೂಡಿಕೆದಾರರ ಜೊತೆ ಮಾತಾಡುವುದು, ಇವು ಸಾಮಾನ್ಯವಾಗಿ ತಯಾರಿ ಎನ್ನಿಸಿಕೊಳ್ಳುತ್ತವೆ. ಪ್ರಾಡಕ್ಟ್‌ಗೆ ಕೋಡ್ ಬರೆಯುವುದು, ಗ್ರಾಹಕರಿಗೆ ಸೇವೆ ಕೊಡುವುದು, ದಿನದ ವ್ಯವಹಾರ ನಡೆಸುವುದು ಕೆಲಸ. ನಡುವೆ ಇರುವ ಎಷ್ಟೋ ಸಂಗತಿಗಳಿಗೆ ಗೆರೆ ಎಲ್ಲಿ ಅನ್ನುವುದು ಸ್ಪಷ್ಟವಿಲ್ಲ. ಅಂಥ ಕಡೆ ವಕೀಲರ ಮಾತು ಕೇಳಿ, ಗೆಳೆಯರದ್ದಲ್ಲ.

ಮೂರು ತಪ್ಪು ನಂಬಿಕೆಗಳನ್ನು ಈಗಲೇ ಬಿಟ್ಟುಬಿಡಿ.

"ಸಂಬಳ ತಗೊಳ್ಳುತ್ತಿಲ್ಲ, ಹಾಗಾಗಿ ಕೆಲಸ ಅಲ್ಲ." ಸಂಬಳ ಇಲ್ಲ ಅಂದ ಮಾತ್ರಕ್ಕೆ ಬಚಾವಾಗುವುದಿಲ್ಲ. ನಿಮ್ಮದೇ ಕಂಪನಿಗೆ, ಮುಂದೆ ಲಾಭ ಬರಲಿ ಎಂದು ಮಾಡುವ ದುಡಿಮೆ ಅದು.

"ರಾತ್ರಿ, ವಾರಾಂತ್ಯದಲ್ಲಿ ಮಾತ್ರ ಮಾಡುತ್ತೇನೆ." ಎಚ್-1ಬಿ ಅನುಮತಿ ಇರುವುದು ಅರ್ಜಿ ಹಾಕಿದ ಕಂಪನಿಯ ಕೆಲಸಕ್ಕೆ ಮಾತ್ರ. ಗಡಿಯಾರ ನೋಡಿ ಅದು ಬದಲಾಗುವುದಿಲ್ಲ.

"ಕಂಪನಿ ಬೆಂಗಳೂರಿನದ್ದು ಅಲ್ವಾ, ಅಮೆರಿಕಕ್ಕೆ ಏನು ಸಂಬಂಧ?" ನಮ್ಮವರಲ್ಲಿ ಇದು ಬಹಳ ಕಾಣಿಸುತ್ತದೆ. ಅಣ್ಣನ ಹೆಸರಲ್ಲಿ ಊರಲ್ಲೊಂದು ಪ್ರೈವೇಟ್ ಲಿಮಿಟೆಡ್ ಮಾಡಿಸಿ, ಸಿಯಾಟಲ್‌ನಲ್ಲಿ ಕೂತು ಅದನ್ನು ನಡೆಸುವುದು. ನೀವು ದೈಹಿಕವಾಗಿ ಎಲ್ಲಿದ್ದು ಕೆಲಸ ಮಾಡುತ್ತೀರಿ ಅನ್ನುವುದೇ ಮುಖ್ಯ. ಸಂಬಳ ರೂಪಾಯಿಯಲ್ಲಿ ಬಂದರೂ ಅಪಾಯ ತಪ್ಪುವುದಿಲ್ಲ.

ಅನುಮತಿ ಇಲ್ಲದ ಕೆಲಸದ ಪೆಟ್ಟು ಬೀಳುವುದು ಅವತ್ತೇ ಅಲ್ಲ. ವರ್ಷಗಳ ನಂತರ ಗ್ರೀನ್ ಕಾರ್ಡ್‌ನ ಕೊನೆಯ ಅರ್ಜಿ ಹಾಕುವಾಗ. ಉದ್ಯೋಗದ ಮೂಲಕ ಗ್ರೀನ್ ಕಾರ್ಡ್ ಪಡೆಯುವವರಿಗೆ ಕಾನೂನು ಸ್ವಲ್ಪ ರಿಯಾಯಿತಿ ಕೊಡುತ್ತದೆ. ಆದರೆ ಕೊನೆಯ ಸಲ ಕಾನೂನುಬದ್ಧವಾಗಿ ಒಳಗೆ ಬಂದ ಮೇಲಿನ ಉಲ್ಲಂಘನೆ ಒಟ್ಟು 180 ದಿನ ಮೀರಿದರೆ ಆ ರಿಯಾಯಿತಿಯೂ ಇಲ್ಲ. ಹತ್ತಾರು ವರ್ಷ ಕಾದು, ಸರದಿ ಬಂದಾಗ ಹೀಗಾಗಬಾರದು.

ಹಂತ 2: ಕೈಯಲ್ಲಿರುವ ಕಾಗದಗಳನ್ನು ಓದಿ

ವಕೀಲರ ಹತ್ತಿರ ಹೋಗುವ ಮುಂಚೆ ಇವನ್ನು ಒಂದು ಕಡೆ ಇಟ್ಟುಕೊಳ್ಳಿ.

ಐ-94. ನೀವು ಎಲ್ಲಿಯವರೆಗೆ ದೇಶದಲ್ಲಿ ಇರಬಹುದು ಎಂದು ಹೇಳುವ ದಾಖಲೆ ಇದು. ಪಾಸ್‌ಪೋರ್ಟ್‌ನಲ್ಲಿರುವ ವೀಸಾ ಸ್ಟಾಂಪಿಂಗ್ ಬರೀ ಒಳಗೆ ಬರುವುದಕ್ಕೆ. ಇರುವ ಅವಧಿ ಹೇಳುವುದು ಐ-94. ಎರಡರ ತಾರೀಖು ಬೇರೆ ಇರಬಹುದು.

ಐ-797. ಯುಎಸ್‌ಸಿಐಎಸ್, ಅಂದರೆ ಅಮೆರಿಕದ ವಲಸೆ ಅರ್ಜಿಗಳನ್ನು ನೋಡುವ ಇಲಾಖೆ, ಕೊಟ್ಟ ಮಂಜೂರಾತಿ ಪತ್ರ. ಎಚ್-1ಬಿಯಲ್ಲಿ ಒಟ್ಟು ಆರು ವರ್ಷದ ಮಿತಿ ಇದೆ. ನಿಮ್ಮದು ಎಷ್ಟು ಕಳೆದಿದೆ ಎಂದು ಇದರಿಂದ ಲೆಕ್ಕ ಹಾಕಿ.

ಐ-140 ಮಂಜೂರಾಗಿದೆಯಾ? ಗ್ರೀನ್ ಕಾರ್ಡ್ ದಾರಿಯ ಮುಖ್ಯ ಅರ್ಜಿ ಇದು. ಮಂಜೂರಾಗಿದ್ದರೆ ಆರು ವರ್ಷ ಮೀರಿಯೂ ಎಚ್-1ಬಿ ವಿಸ್ತರಿಸಬಹುದು. ಮನೆಯವರಿಗೆ ಕೆಲಸದ ಅನುಮತಿಯೂ ಸಿಗಬಹುದು. ಆ ವಿಷಯಕ್ಕೆ ಮುಂದೆ ಬರುತ್ತೇನೆ.

ಈಗಿನ ಕೆಲಸದ ಒಪ್ಪಂದ. ಇದನ್ನು ಜಾಸ್ತಿ ಜನ ಓದುವುದೇ ಇಲ್ಲ. ನೀವು ಕಂಡುಹಿಡಿದದ್ದೆಲ್ಲ ಕಂಪನಿಯದ್ದು ಎನ್ನುವ ಷರತ್ತು ಅದರಲ್ಲಿ ಇರುತ್ತದೆ. ಕ್ಯಾಲಿಫೋರ್ನಿಯಾದಲ್ಲಿ, ನಿಮ್ಮ ಸ್ವಂತ ಸಮಯದಲ್ಲಿ, ಕಂಪನಿಯ ಉಪಕರಣ ಬಳಸದೆ, ಅವರ ವ್ಯವಹಾರಕ್ಕೆ ಸಂಬಂಧ ಇಲ್ಲದ್ದನ್ನು ಮಾಡಿದರೆ ಅದು ನಿಮ್ಮದು ಎಂದು ರಾಜ್ಯದ ಕಾನೂನೇ ಹೇಳುತ್ತದೆ. ಎಲ್ಲ ರಾಜ್ಯದಲ್ಲೂ ಹಾಗಿಲ್ಲ. ಆಫೀಸಿನ ಲ್ಯಾಪ್‌ಟಾಪ್‌ನಲ್ಲಿ ನಿಮ್ಮ ಕಂಪನಿಯ ಒಂದು ಫೈಲ್ ಕೂಡ ಇರಬಾರದು.

ಹಂತ 3: ಕಂಪನಿಯನ್ನು ಸರಿಯಾದ ರೂಪದಲ್ಲಿ ನೋಂದಾಯಿಸಿ

ಇದು ಸುಲಭದ ಭಾಗ, ಹಾಗಾಗಿ ಬೇಗ ಹೇಳುತ್ತೇನೆ. ಹೂಡಿಕೆ ತರುವ ಯೋಚನೆ ಇದ್ದರೆ ಸಾಮಾನ್ಯವಾಗಿ ಡೆಲವೇರ್ ಸಿ-ಕಾರ್ಪೊರೇಷನ್, ಅಂದರೆ ಲಾಭದ ಮೇಲೆ ಕಂಪನಿಯೇ ತೆರಿಗೆ ಕಟ್ಟುವ ಷೇರು ಕಂಪನಿ, ಮಾಡುತ್ತಾರೆ. ಸಣ್ಣ ಸೇವಾ ವ್ಯವಹಾರಕ್ಕೆ ಎಲ್‌ಎಲ್‌ಸಿ, ಅಂದರೆ ಸೀಮಿತ ಹೊಣೆಯ ಸರಳ ಕಂಪನಿ, ಸಾಕು. ಎಸ್-ಕಾರ್ಪೊರೇಷನ್ (ಲಾಭದ ತೆರಿಗೆಯನ್ನು ಷೇರುದಾರರೇ ಕಟ್ಟುವ ರೂಪ) ಎಂದು ಯಾರಾದರೂ ಹೇಳಿದರೆ ಎಚ್ಚರ: ತೆರಿಗೆ ಲೆಕ್ಕದಲ್ಲಿ ಅಮೆರಿಕದ ನಿವಾಸಿ ಅಲ್ಲದವರು ಅದರಲ್ಲಿ ಷೇರುದಾರರಾಗುವಂತಿಲ್ಲ. ಊರಲ್ಲಿರುವ ತಮ್ಮನಿಗೆ ಒಂದೇ ಒಂದು ಷೇರು ಕೊಟ್ಟರೂ ಆ ಸ್ಥಾನಮಾನ ಹೋಗುತ್ತದೆ.

ನೋಂದಣಿ ಆದ ಮೇಲೆ ಇಐಎನ್ ಪಡೆಯಿರಿ. ಕಂಪನಿಯ ತೆರಿಗೆ ಸಂಖ್ಯೆ ಅದು. ಸ್ಥಾಪಕರ ಷೇರು ವರ್ಷಗಳಲ್ಲಿ ಹಂತ ಹಂತವಾಗಿ ನಿಮ್ಮದಾಗುವಂತೆ ಬರೆದಿದ್ದರೆ, ಷೇರು ಸಿಕ್ಕ 30 ದಿನದೊಳಗೆ 83(ಬಿ) ಎಂಬ ಪತ್ರವನ್ನು ತೆರಿಗೆ ಇಲಾಖೆಗೆ ಕಳಿಸಬೇಕು. ಷೇರಿಗೆ ಬೆಲೆಯೇ ಇಲ್ಲದಿರುವಾಗಲೇ ತೆರಿಗೆ ಲೆಕ್ಕ ಮುಗಿಸಿಕೊಳ್ಳುವ ಏರ್ಪಾಡು ಅದು. 31ನೇ ದಿನ ಕಳಿಸಿದರೆ ಉಪಯೋಗ ಇಲ್ಲ.

ಹಂತ 4: ನಿಮ್ಮ ದಾರಿ ಆರಿಸಿಕೊಳ್ಳಿ

*ನೀವು ವಿದ್ಯಾರ್ಥಿಯಾಗಿದ್ದರೆ: ಒಪಿಟಿ*

ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿರುವವರಿಗೆ ಓದು ಮುಗಿದ ಮೇಲೆ ಸಿಗುವ 12 ತಿಂಗಳ ಕೆಲಸದ ಅನುಮತಿಯೇ ಒಪಿಟಿ. ಈ ಅವಧಿಯಲ್ಲಿ ಸ್ವಂತ ಕಂಪನಿಗೆ ಕೆಲಸ ಮಾಡಬಹುದು. ಷರತ್ತು ಎರಡು: ಕೆಲಸ ನಿಮ್ಮ ಓದಿಗೆ ಸಂಬಂಧಿಸಿರಬೇಕು, ವ್ಯವಹಾರಕ್ಕೆ ಬೇಕಾದ ಲೈಸೆನ್ಸ್ ಇರಬೇಕು. ಅರ್ಜಿ ಓದು ಮುಗಿಯುವ 90 ದಿನ ಮುಂಚಿನಿಂದ, ಮುಗಿದ 60 ದಿನದೊಳಗೆ. ಒಟ್ಟು 90 ದಿನಕ್ಕಿಂತ ಜಾಸ್ತಿ ಕೆಲಸ ಇಲ್ಲದೆ ಇರುವಂತಿಲ್ಲ. ಕಂಪನಿ ಶುರುವಾದ ದಿನವೇ ಕಾಲೇಜಿನ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಗೆ ತಿಳಿಸಿ. ಇಲ್ಲದಿದ್ದರೆ ನಿರುದ್ಯೋಗದ ಎಣಿಕೆ ನಡೆಯುತ್ತಲೇ ಇರುತ್ತದೆ.

ವಿಜ್ಞಾನ, ತಂತ್ರಜ್ಞಾನ ಓದಿದವರಿಗೆ ಇನ್ನೂ 24 ತಿಂಗಳ ವಿಸ್ತರಣೆ ಇದೆ. ಅದನ್ನು ಸ್ಟೆಮ್ ಒಪಿಟಿ ಅನ್ನುತ್ತಾರೆ. ಎಷ್ಟೋ ಜನ ಎಡವುವುದು ಇಲ್ಲಿ. ಮೊದಲ ವರ್ಷದ ಸಡಿಲ ಇಲ್ಲಿಲ್ಲ. ಕಂಪನಿ ಇ-ವೆರಿಫೈಗೆ ಸೇರಿರಬೇಕು. ಅದು ಉದ್ಯೋಗಿಯ ಅನುಮತಿಯನ್ನು ಸರ್ಕಾರದ ದಾಖಲೆ ಜೊತೆ ತಾಳೆ ನೋಡುವ ವ್ಯವಸ್ಥೆ. ಐ-983 ಎಂಬ ತರಬೇತಿ ಯೋಜನೆಗೆ ಉದ್ಯೋಗದಾತರ ಪರವಾಗಿ ಬೇರೊಬ್ಬರು ಸಹಿ ಮಾಡಬೇಕು. ನಿಮ್ಮ ತರಬೇತಿಗೆ ನೀವೇ ಸಹಿ ಹಾಕುವಂತಿಲ್ಲ. ವಾರಕ್ಕೆ ಕನಿಷ್ಠ 20 ಗಂಟೆ ಕೆಲಸ ಇರಬೇಕು. ಒಬ್ಬರೇ ನಡೆಸುವ ಕಂಪನಿಗೆ ಇದು ಹೊಂದುವುದಿಲ್ಲ. ನಿಜವಾಗಿ ನಿಮ್ಮ ಮೇಲ್ವಿಚಾರಣೆ ಮಾಡಬಲ್ಲ, ಕೆಲಸದ ಅನುಮತಿ ಇರುವ ಸಹಸ್ಥಾಪಕರೊಬ್ಬರು ಬೇಕು. ಮೊದಲ ವರ್ಷದಲ್ಲೇ ಅಂಥವರನ್ನು ಜೊತೆಗೆ ಸೇರಿಸಿಕೊಳ್ಳಿ.

*ನೀವು ಎಚ್-1ಬಿಯಲ್ಲಿದ್ದರೆ: ನಿಮ್ಮದೇ ಕಂಪನಿಯಿಂದ ಎಚ್-1ಬಿ*

ಹಿಂದೆ ಇದು ಬಹಳ ಕಷ್ಟವಿತ್ತು. ನಿಮ್ಮನ್ನು ಕೆಲಸದಿಂದ ತೆಗೆಯುವ ಅಧಿಕಾರ ಬೇರೆ ಯಾರಿಗಾದರೂ ಇರಬೇಕು ಎಂದು ಇಲಾಖೆ ಕೇಳುತ್ತಿತ್ತು. ಅದಕ್ಕಾಗಿ ಹೊರಗಿನವರ ಬೋರ್ಡ್ ಮಾಡುತ್ತಿದ್ದರು. 2025ರ ಜನವರಿ 17ರಿಂದ ಜಾರಿಗೆ ಬಂದ ಹೊಸ ನಿಯಮ ಇದನ್ನು ಬದಲಾಯಿಸಿತು. ಕಂಪನಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಪಾಲು ಅಥವಾ ಮತ ನಿಮ್ಮದೇ ಆಗಿದ್ದರೂ ಆ ಕಂಪನಿ ನಿಮಗಾಗಿ ಎಚ್-1ಬಿ ಅರ್ಜಿ ಹಾಕಬಹುದು. ಇವತ್ತು ನಮ್ಮವರಿಗೆ ಅತಿ ಹೆಚ್ಚು ಉಪಯೋಗಕ್ಕೆ ಬರುವ ಬದಲಾವಣೆ ಇದು ಎಂದು ನನ್ನ ಅನಿಸಿಕೆ. ಆದರೂ ಎಷ್ಟೋ ಜನರಿಗೆ ಇದು ಇನ್ನೂ ಗೊತ್ತಿಲ್ಲ.

ಷರತ್ತುಗಳನ್ನು ಸರಿಯಾಗಿ ಓದಿಕೊಳ್ಳಿ.

ಮೊದಲ ಮಂಜೂರಾತಿ 18 ತಿಂಗಳಿಗೆ ಮಾತ್ರ. ಮೊದಲ ವಿಸ್ತರಣೆಯೂ 18 ತಿಂಗಳೇ. ಸಾಮಾನ್ಯ ಎಚ್-1ಬಿಯ ಹಾಗೆ ಒಂದೇ ಸಲ ಮೂರು ವರ್ಷ ಸಿಗುವುದಿಲ್ಲ.

ನಿಮ್ಮ ಅರ್ಧಕ್ಕಿಂತ ಹೆಚ್ಚಿನ ಸಮಯ ವಿಶೇಷ ವಿದ್ಯೆ ಬೇಕಾಗುವ ಕೆಲಸದಲ್ಲೇ ಕಳೆಯಬೇಕು. ಉದಾಹರಣೆಗೆ ಸಾಫ್ಟ್‌ವೇರ್ ಎಂಜಿನಿಯರಿಂಗ್. ಹೂಡಿಕೆದಾರರ ಭೇಟಿ, ನೇಮಕಾತಿ, ಲೆಕ್ಕಪತ್ರದಂಥ ಮಾಲೀಕನ ಕೆಲಸಗಳು ಉಳಿದ ಸಮಯದಲ್ಲಿ. ಹುದ್ದೆಗೆ "ಸಿಇಒ" ಎಂದು ಬರೆದು, ಮಾಡುವುದೆಲ್ಲ ಮಾರಾಟವಾದರೆ ಅರ್ಜಿ ಬೀಳುತ್ತದೆ.

ಕಂಪನಿ ನಿಮಗೆ ಆ ಊರಿನ ಆ ಹುದ್ದೆಗೆ ನಿಗದಿಯಾದ ಸಂಬಳ ಕೊಡಲೇಬೇಕು. ಪ್ರಿವೇಲಿಂಗ್ ವೇಜ್ ಎನ್ನುವುದು ಇದನ್ನೇ. ಷೇರು ಕೊಟ್ಟರೆ ಲೆಕ್ಕಕ್ಕಿಲ್ಲ. "ಆದಾಯ ಬಂದ ಮೇಲೆ ತಗೊಳ್ಳುತ್ತೇನೆ" ಅನ್ನುವಂತಿಲ್ಲ. ಸ್ಯಾನ್ ಹೋಸೆಯಲ್ಲಿ ಈ ಮೊತ್ತ ದೊಡ್ಡದು. ಹಾಗಾಗಿ ಅರ್ಜಿಗೂ ಮುಂಚೆ ಕಂಪನಿಯ ಖಾತೆಯಲ್ಲಿ ತಿಂಗಳುಗಟ್ಟಲೆ ಸಂಬಳಕ್ಕೆ ಆಗುವಷ್ಟು ಹಣ ಇರಬೇಕು. ಅರ್ಜಿಯ ಶುಲ್ಕವನ್ನು, ವಕೀಲರ ಬಿಲ್ಲನ್ನು ಕಂಪನಿಯ ಖಾತೆಯಿಂದಲೇ ಕಟ್ಟಿ, ನಿಮ್ಮ ಸ್ವಂತ ಕಾರ್ಡ್‌ನಿಂದ ಬೇಡ.

ಮೊದಲ ಸಲ ಎಚ್-1ಬಿ ಹಾಕುವ ಕಂಪನಿಯ ಇಐಎನ್ ಅನ್ನು ಕಾರ್ಮಿಕ ಇಲಾಖೆ ಪರಿಶೀಲಿಸುತ್ತದೆ. ಅದಾದ ಮೇಲೆ ಎಲ್‌ಸಿಎ ಎಂಬ ಸಂಬಳದ ಘೋಷಣೆಗೆ ಏಳು ಕೆಲಸದ ದಿನ ಹಿಡಿಯುತ್ತದೆ. ಗಡುವು ಹತ್ತಿರ ಬಂದಾಗ ಶುರು ಮಾಡಿದರೆ ಇಲ್ಲೇ ಸಿಕ್ಕಿಹಾಕಿಕೊಳ್ಳುತ್ತೀರಿ.

ಲಾಟರಿ ಬೇಕಾ? ಹೊಸ ಎಚ್-1ಬಿಗಳಿಗೆ ವಾರ್ಷಿಕ ಮಿತಿ ಇರುವುದರಿಂದ ನಡೆಯುವ ಆಯ್ಕೆ ಅದು. ನೀವು ಈಗಾಗಲೇ ಲಾಟರಿಯಲ್ಲಿ ಆಯ್ಕೆಯಾಗಿ ಎಚ್-1ಬಿಯಲ್ಲಿದ್ದರೆ ಬೇಡ. ನಿಮ್ಮ ಕಂಪನಿ ವರ್ಗಾವಣೆ ಅರ್ಜಿ ಹಾಕಿದರೆ ಸಾಕು. ಅರ್ಜಿ ಸಲ್ಲಿಕೆಯಾದ ಮೇಲೆ, ಮಂಜೂರಾತಿಗೆ ಕಾಯದೆ ಕೆಲಸ ಶುರು ಮಾಡಲು ಕಾನೂನು ಬಿಡುತ್ತದೆ. ಆದರೂ ಹೊಸ ಕಂಪನಿಯ ಅರ್ಜಿ ತಿರಸ್ಕಾರವಾದರೆ ಹಳೆಯ ಕೆಲಸವೂ ಇರುವುದಿಲ್ಲ. ಮಂಜೂರಾತಿ ಕೈಗೆ ಬರಲಿ, ಆಮೇಲೆ ಬಿಡಿ ಎಂದೇ ನಾನು ಹೇಳುವುದು.

ಇನ್ನೂ ಮೆತ್ತಗಿನ ದಾರಿ ಒಂದಿದೆ: ಜೊತೆ ಎಚ್-1ಬಿ. ಈಗಿನ ಕೆಲಸ ಬಿಡದೆ, ನಿಮ್ಮ ಕಂಪನಿಯಿಂದ ವಾರಕ್ಕೆ ಇಷ್ಟು ಗಂಟೆ ಎಂದು ಎರಡನೇ ಅರ್ಜಿ ಹಾಕಿಸುವುದು. ಸಂಬಳ ಆ ಗಂಟೆಗಳಿಗೆ ಮಾತ್ರ. ಈಗಿನ ಕಂಪನಿಯ ಒಪ್ಪಂದ ಹೊರಗಿನ ಕೆಲಸಕ್ಕೆ ಅವಕಾಶ ಕೊಟ್ಟರೆ, ಮನೆ ಸಾಲ, ಮಕ್ಕಳ ಸ್ಕೂಲು ಎಲ್ಲ ಇರುವವರಿಗೆ ಇದಕ್ಕಿಂತ ಒಳ್ಳೆಯ ಶುರು ಇಲ್ಲ.

ಭಾರತದಲ್ಲಿದ್ದುಕೊಂಡು ಹೊಸದಾಗಿ ಎಚ್-1ಬಿ ಹಾಕುವವರ ಕತೆ ಬೇರೆ. ವರ್ಷಕ್ಕೆ 65,000 ಮತ್ತು ಅಮೆರಿಕದಲ್ಲಿ ಮಾಸ್ಟರ್ಸ್ ಮಾಡಿದವರಿಗೆ ಇನ್ನೂ 20,000, ಇಷ್ಟೇ ಮಿತಿ. 2026ರ ಫೆಬ್ರವರಿ 27ರಿಂದ ಜಾರಿಗೆ ಬಂದ ನಿಯಮದ ಪ್ರಕಾರ, ಸಂಬಳದ ಮಟ್ಟ ಹೆಚ್ಚಿದ್ದವರಿಗೆ ಆಯ್ಕೆಯ ಸಾಧ್ಯತೆ ಹೆಚ್ಚು. ತಮಗೆ ಕಡಿಮೆ ಸಂಬಳ ಇಟ್ಟುಕೊಳ್ಳುವ ಸ್ಥಾಪಕರಿಗೆ ಇದು ಪ್ರತಿಕೂಲ. ಇದರ ಮೇಲೆ, 2025ರ ಸೆಪ್ಟೆಂಬರ್ 21ರಿಂದ ಜಾರಿಯಾದ ಅಧ್ಯಕ್ಷರ ಆದೇಶ ಹೊರದೇಶದಲ್ಲಿರುವವರ ಹೊಸ ಅರ್ಜಿಗೆ 1 ಲಕ್ಷ ಡಾಲರ್ ಪಾವತಿ ಕೇಳಿತು. ಅಮೆರಿಕದ ಒಳಗಿದ್ದು ವರ್ಗಾವಣೆ, ವಿಸ್ತರಣೆ ಅಥವಾ ಸ್ಥಾನಮಾನ ಬದಲಾವಣೆ ಪಡೆಯುವವರಿಗೆ ಇದು ಅನ್ವಯಿಸುವುದಿಲ್ಲ ಎಂದು ಇಲಾಖೆ ಆಮೇಲೆ ಸ್ಪಷ್ಟಪಡಿಸಿತು. ಅರ್ಜಿ ಹಾಕುವ ವಾರದಲ್ಲಿ ಇದರ ಸ್ಥಿತಿ ಏನು ಎಂದು ತಪ್ಪದೆ ನೋಡಿ.

*ಐ-140 ಮಂಜೂರಾಗಿದ್ದರೆ: ಮನೆಯವರ ಹೆಸರಲ್ಲಿ*

ಎಚ್-1ಬಿ ಇರುವವರ ಐ-140 ಮಂಜೂರಾಗಿದ್ದರೆ, ಅವರ ಗಂಡ ಅಥವಾ ಹೆಂಡತಿ ಎಚ್-4 ಇಎಡಿ ಪಡೆಯಬಹುದು. ಎಚ್-4 ಅಂದರೆ ಎಚ್-1ಬಿಯವರ ಕುಟುಂಬಕ್ಕೆ ಸಿಗುವ ವೀಸಾ. 2015ರಿಂದ ಇರುವ ಅವಕಾಶ ಇದು. ಇಎಡಿ ಅಂದರೆ ಕೆಲಸದ ಅನುಮತಿ ಕಾರ್ಡ್. ಇದಕ್ಕೆ ಇಂಥ ಕಂಪನಿ, ಇಷ್ಟು ಸಂಬಳ ಎಂಬ ಕಟ್ಟು ಇಲ್ಲ. ಸ್ವಂತ ಕಂಪನಿ ನಡೆಸಬಹುದು, ಜನರನ್ನು ಇಟ್ಟುಕೊಳ್ಳಬಹುದು.

ಅಪಾಯ ಎರಡು. ಕಂಪನಿ ಹೆಂಡತಿಯ ಹೆಸರಲ್ಲಿ, ಕೋಡ್ ಬರೆಯುವುದು ಎಚ್-1ಬಿ ಗಂಡ ಎನ್ನುವ ಏರ್ಪಾಡು ಬೇಡ. ಅದು ಮತ್ತೆ ಅನುಮತಿ ಇಲ್ಲದ ಕೆಲಸವೇ. ಕಂಪನಿ ಅವರದ್ದಾಗಿದ್ದರೆ ನಡೆಸುವುದೂ ಅವರೇ ಆಗಿರಲಿ. ಎರಡನೆಯದು ನವೀಕರಣ. 2025ರ ಅಕ್ಟೋಬರ್ 30ರಿಂದ ಈಚೆಗೆ ಹಾಕಿದ ನವೀಕರಣ ಅರ್ಜಿಗಳಿಗೆ ತಾನಾಗಿಯೇ ಸಿಗುತ್ತಿದ್ದ ವಿಸ್ತರಣೆ ಇಲ್ಲ. ಹಳೆಯ ಕಾರ್ಡ್ ಮುಗಿದು ಹೊಸದು ಬಾರದಿದ್ದರೆ ಆ ದಿನದಿಂದ ಕೆಲಸ ನಿಲ್ಲಿಸಬೇಕು. ಕಾರ್ಡ್ ಮುಗಿಯುವ 180 ದಿನ ಮುಂಚೆಯೇ ಅರ್ಜಿ ಹಾಕಬಹುದು, ಹಾಗಾಗಿ 180ನೇ ದಿನವೇ ಹಾಕಿ.

*ಸಾಧನೆಯ ದಾಖಲೆ ಇದ್ದರೆ: ಓ-1ಎ*

ವಿಜ್ಞಾನ, ವ್ಯಾಪಾರ, ಶಿಕ್ಷಣ ಮುಂತಾದ ಕ್ಷೇತ್ರಗಳಲ್ಲಿ ಅಸಾಧಾರಣ ಸಾಮರ್ಥ್ಯ ಇರುವವರಿಗೆ ಈ ವೀಸಾ. ಹೆಸರು ಕೇಳಿಯೇ "ನಮ್ಮಂಥವರಿಗಲ್ಲ" ಎಂದು ಕೈಬಿಡುವವರು ಬಹಳ. ನೊಬೆಲ್ ಬೇಕಿಲ್ಲ. ಎಂಟು ಮಾನದಂಡಗಳಲ್ಲಿ ಕನಿಷ್ಠ ಮೂರು ತೋರಿಸಬೇಕು: ಪ್ರಶಸ್ತಿ, ಆಯ್ದವರಿಗಷ್ಟೇ ಸಿಗುವ ಸದಸ್ಯತ್ವ, ನಿಮ್ಮ ಬಗ್ಗೆ ಪತ್ರಿಕೆಗಳಲ್ಲಿ ಬಂದ ಬರಹ, ಇತರರ ಕೆಲಸಕ್ಕೆ ತೀರ್ಪುಗಾರರಾಗಿದ್ದು, ಮಹತ್ವದ ಮೂಲ ಕೊಡುಗೆ, ಸಂಶೋಧನಾ ಲೇಖನ, ಹೆಸರಾದ ಸಂಸ್ಥೆಯಲ್ಲಿ ನಿರ್ಣಾಯಕ ಪಾತ್ರ, ಹೆಚ್ಚಿನ ಸಂಬಳ. ಮೂರು ಟಿಕ್ ಆದ ಮೇಲೆ ಅಧಿಕಾರಿ ಒಟ್ಟಾರೆ ನೋಡಿ ತೀರ್ಮಾನಿಸುತ್ತಾರೆ.

ಲಾಟರಿ ಇಲ್ಲ, ವಾರ್ಷಿಕ ಮಿತಿ ಇಲ್ಲ. ಮೊದಲು ಮೂರು ವರ್ಷದವರೆಗೆ ಸಿಗುತ್ತದೆ. ನಿಮಗಾಗಿ ನೀವೇ ಅರ್ಜಿ ಹಾಕುವಂತಿಲ್ಲ, ಆದರೆ ನಿಮ್ಮ ಒಡೆತನದ ಕಂಪನಿ ಹಾಕಬಹುದು. ಕ್ಷೇತ್ರದ ಸಂಘ ಅಥವಾ ತಜ್ಞರ ಅಭಿಪ್ರಾಯ ಪತ್ರವೊಂದು ಅರ್ಜಿಯ ಜೊತೆ ಬೇಕು. ಕೊರತೆ ಏನೆಂದರೆ, ಜೊತೆಗೆ ಬರುವ ಗಂಡ ಅಥವಾ ಹೆಂಡತಿಗೆ ಸಿಗುವ ಓ-3ಯಲ್ಲಿ ಕೆಲಸ ಮಾಡುವಂತಿಲ್ಲ. ಎಚ್-4 ಇಎಡಿ ಇರುವ ಮನೆಯಲ್ಲಿ ಇಬ್ಬರೂ ಕೂತು ಯೋಚಿಸಿ.

ಈ ವೀಸಾದ ಸುತ್ತ ಒಂದು ಕೆಟ್ಟ ವ್ಯಾಪಾರವೇ ಬೆಳೆದಿದೆ. ದುಡ್ಡು ಕೊಟ್ಟರೆ ಪ್ರಶಸ್ತಿ, ದುಡ್ಡು ಕೊಟ್ಟರೆ ಪತ್ರಿಕೆಯಲ್ಲಿ ಲೇಖನ, ದುಡ್ಡು ಕೊಟ್ಟರೆ ತೀರ್ಪುಗಾರರ ಸ್ಥಾನ. ದಯವಿಟ್ಟು ಇದಕ್ಕೆ ಬೀಳಬೇಡಿ. ಅಧಿಕಾರಿಗಳು ಇಂಥವನ್ನು ದಿನವೂ ನೋಡುತ್ತಾರೆ. ಒಂದು ಸುಳ್ಳು ದಾಖಲೆ ಇಟ್ಟರೆ ಉಳಿದ ನಿಜದ ದಾಖಲೆಗಳ ಮೇಲೂ ನಂಬಿಕೆ ಹೋಗುತ್ತದೆ. ವಂಚನೆ ಎಂದು ತೀರ್ಮಾನವಾದರೆ ಮುಂದಿನ ಎಲ್ಲ ಅರ್ಜಿಗೂ ಅದು ಅಂಟಿಕೊಳ್ಳುತ್ತದೆ.

*ಭಾರತದಲ್ಲಿ ಕಂಪನಿ ಇದ್ದರೆ: ಎಲ್-1ಎ ಹೊಸ ಕಚೇರಿ*

ಹುಬ್ಬಳ್ಳಿ, ಮೈಸೂರು, ಬೆಂಗಳೂರಿನಲ್ಲಿ ನಡೆಯುತ್ತಿರುವ ಕಂಪನಿಗೆ ಇದು ನೇರ ದಾರಿ. ಅಲ್ಲಿನ ಕಂಪನಿ ಅಮೆರಿಕದಲ್ಲಿ ಶಾಖೆ ಅಥವಾ ಅಂಗಸಂಸ್ಥೆ ತೆರೆದು, ಅದನ್ನು ನಡೆಸಲು ಮ್ಯಾನೇಜರ್ ಅಥವಾ ಮೇಲಿನ ಹುದ್ದೆಯವರನ್ನು ಕಳಿಸುವುದು. ಕಳೆದ ಮೂರು ವರ್ಷದಲ್ಲಿ ಕನಿಷ್ಠ ಒಂದು ವರ್ಷ ಸತತವಾಗಿ ನೀವು ಭಾರತದ ಕಂಪನಿಯಲ್ಲಿ ಕೆಲಸ ಮಾಡಿರಬೇಕು. ಅಮೆರಿಕದಲ್ಲಿ ಆಫೀಸ್ ಜಾಗ ಗೊತ್ತು ಮಾಡಿರಬೇಕು. ಬಾಡಿಗೆ ಕರಾರು ತೋರಿಸಿ; ಬರೀ ಅಂಚೆ ವಿಳಾಸ ನಡೆಯುವುದಿಲ್ಲ.

ಮೊದಲ ಮಂಜೂರಾತಿ ಒಂದೇ ವರ್ಷ. ಆ ವರ್ಷದಲ್ಲಿ ನಿಮ್ಮ ಕೈಕೆಳಗೆ ಕೆಲಸ ಮಾಡುವವರು ಬಂದಿರಬೇಕು. ವಿಸ್ತರಣೆ ಕೇಳುವಾಗ ಮಾರಾಟ, ಬಿಲ್ಲಿಂಗ್, ಫೋನ್ ಎಲ್ಲ ನೀವೊಬ್ಬರೇ ಮಾಡುತ್ತಿದ್ದರೆ, ಇವರು ಮ್ಯಾನೇಜರ್ ಹೇಗೆ ಎಂದು ಕೇಳುತ್ತಾರೆ. ಹೊಸ ಕಚೇರಿಯ ಎಲ್-1ಎ ಎಡವಬಹುದಾದ ಮುಖ್ಯ ಜಾಗ ಈ ವಿಸ್ತರಣೆ. ಬಂದ ಮೊದಲ ತಿಂಗಳಲ್ಲೇ ನೇಮಕಾತಿ ಶುರು ಮಾಡಿ. ಒಟ್ಟು ಏಳು ವರ್ಷದವರೆಗೆ ಇರಬಹುದು. ಗಂಡ ಅಥವಾ ಹೆಂಡತಿಗೆ ಎಲ್-2 ಸ್ಥಾನಮಾನದಲ್ಲೇ ಕೆಲಸದ ಅನುಮತಿ ಇರುತ್ತದೆ. ನೀವು ಅಮೆರಿಕಕ್ಕೆ ಹೋದ ಮೇಲೂ ಭಾರತದ ಕಂಪನಿ ವ್ಯವಹಾರ ನಡೆಸುತ್ತಲೇ ಇರಬೇಕು. ಅಲ್ಲಿ ಬಾಗಿಲು ಹಾಕಿದರೆ ಇಲ್ಲಿ ವೀಸಾದ ಆಧಾರವೇ ಹೋಗುತ್ತದೆ.

ಹಣ ಕಳಿಸುವುದಕ್ಕೆ ಭಾರತದ ನಿಯಮವೂ ಇದೆ. ಕಂಪನಿ ಹಣ ಹಾಕುವುದಾದರೆ 2022ರ ಸಾಗರೋತ್ತರ ಹೂಡಿಕೆ ನಿಯಮಗಳ ಪ್ರಕಾರ ಬ್ಯಾಂಕ್ ಮೂಲಕ ಫಾರ್ಮ್ ಎಫ್‌ಸಿ ಸಲ್ಲಿಸಿ, ಗುರುತು ಸಂಖ್ಯೆ ಪಡೆದು, ಆಮೇಲೆ ಕಳಿಸಬೇಕು. ವ್ಯಕ್ತಿಯಾಗಿ ಕಳಿಸುವುದಾದರೆ ಒಂದು ಆರ್ಥಿಕ ವರ್ಷಕ್ಕೆ 2.5 ಲಕ್ಷ ಡಾಲರ್ ಮಿತಿ. ಈ ಕಾಗದಗಳೇ ಮುಂದೆ ವೀಸಾ ಅರ್ಜಿಯಲ್ಲಿ ಎರಡು ಕಂಪನಿಗಳ ಸಂಬಂಧಕ್ಕೆ ಸಾಕ್ಷ್ಯ. ನಿಮ್ಮ ಸಿಎಗೂ ಅಮೆರಿಕದ ವಕೀಲರಿಗೂ ಮೊದಲೇ ಪರಿಚಯ ಮಾಡಿಸಿ.

*ಅಮೆರಿಕದ ಹೂಡಿಕೆ ಬಂದಿದ್ದರೆ: ಅಂತರರಾಷ್ಟ್ರೀಯ ಉದ್ಯಮಿ ಪೆರೋಲ್*

2017ರ ನಿಯಮ. ಕಂಪನಿಗೆ ಐದು ವರ್ಷದೊಳಗಿನ ವಯಸ್ಸು, ನಿಮ್ಮ ಪಾಲು ಕನಿಷ್ಠ ಶೇಕಡಾ 10, ಅರ್ಜಿಗೆ ಮುಂಚಿನ 18 ತಿಂಗಳಲ್ಲಿ ಅರ್ಹ ಅಮೆರಿಕನ್ ಹೂಡಿಕೆದಾರರಿಂದ 3,11,071 ಡಾಲರ್ ಹೂಡಿಕೆ. ಈ ಮೊತ್ತ 2024ರ ಅಕ್ಟೋಬರ್‌ನಲ್ಲಿ ನಿಗದಿಯಾದದ್ದು, ಮೂರು ವರ್ಷಕ್ಕೊಮ್ಮೆ ಬದಲಾಗುತ್ತದೆ. ಬೆಂಗಳೂರಿನ ಹೂಡಿಕೆದಾರರ ಹಣ ಇಲ್ಲಿ ಎಣಿಕೆಗೆ ಬರುವುದಿಲ್ಲ. ಸಿಕ್ಕರೆ ಮೊದಲು 30 ತಿಂಗಳು, ಆಮೇಲೆ ಇನ್ನೂ 30 ತಿಂಗಳು. ಪೆರೋಲ್ ಅನ್ನುವುದು ವೀಸಾ ಸ್ಥಾನಮಾನ ಅಲ್ಲ, ಸರ್ಕಾರದ ವಿವೇಚನೆಯ ಮೇಲೆ ನಿಂತಿರುವ ಅನುಮತಿ. ನಿಧಾನವೂ ಹೌದು. ಬೇರೆ ದಾರಿ ಇದ್ದರೆ ಮೊದಲು ಅದನ್ನೇ ನೋಡಿ.

*ಇ-2: ಭಾರತೀಯರಿಗೆ ಇಲ್ಲ*

ಅಂತರ್ಜಾಲದಲ್ಲಿ ಹುಡುಕಿದರೆ ಮೊದಲು ಕಾಣುವುದೇ ಇ-2 ಹೂಡಿಕೆದಾರರ ವೀಸಾ. ಇದು ಅಮೆರಿಕದ ಜೊತೆ ಒಪ್ಪಂದ ಇರುವ ದೇಶಗಳ ಪ್ರಜೆಗಳಿಗೆ. ಭಾರತ ಆ ಪಟ್ಟಿಯಲ್ಲಿಲ್ಲ. ಗ್ರೆನಾಡಾ ಪೌರತ್ವ ಕೊಂಡು ಇ-2 ಮಾಡಿಸುತ್ತೇವೆ ಎನ್ನುವ ಏಜೆಂಟರಿದ್ದಾರೆ. 2022ರ ಡಿಸೆಂಬರ್‌ನಲ್ಲಿ ಕಾನೂನು ಬದಲಾಗಿ, ಹಣ ಹೂಡಿ ಪೌರತ್ವ ಪಡೆದವರು ಆ ದೇಶದಲ್ಲಿ ಕನಿಷ್ಠ ಮೂರು ವರ್ಷ ಸತತವಾಗಿ ನೆಲೆಸಿರಬೇಕು ಎಂದಾಯಿತು. ಇದನ್ನು ಹೇಳದ ಏಜೆಂಟರ ಜೊತೆ ಮಾತು ಮುಂದುವರಿಸಬೇಡಿ. ನಿಮ್ಮ ಗಂಡ ಅಥವಾ ಹೆಂಡತಿ ಕೆನಡಾ, ಸಿಂಗಪುರದಂಥ ಒಪ್ಪಂದ ದೇಶದ ಪ್ರಜೆಯಾಗಿದ್ದರೆ ಮಾತ್ರ ವಕೀಲರನ್ನು ಕೇಳಿ ನೋಡಿ.

*ಜೊತೆಜೊತೆಗೆ: ನಿಮ್ಮದೇ ಗ್ರೀನ್ ಕಾರ್ಡ್ ಅರ್ಜಿ*

ಕೆಲಸ ಕೊಡುವವರನ್ನು ನಂಬದೆ ನೀವೇ ಹಾಕಬಹುದಾದ ಅರ್ಜಿ ಎರಡಿವೆ: ಅಸಾಧಾರಣ ಸಾಮರ್ಥ್ಯ ಇರುವವರ ಇಬಿ-1ಎ, ಮತ್ತು ಇಬಿ-2 ರಾಷ್ಟ್ರೀಯ ಹಿತಾಸಕ್ತಿ ವಿನಾಯಿತಿ, ಅಂದರೆ ಎನ್‌ಐಡಬ್ಲ್ಯೂ. ಎನ್‌ಐಡಬ್ಲ್ಯೂಗೆ 2016ರ ಧನಸರ್ ತೀರ್ಪಿನ ಮೂರು ಪ್ರಶ್ನೆ: ನಿಮ್ಮ ಕೆಲಸಕ್ಕೆ ದೇಶಮಟ್ಟದ ಮಹತ್ವ ಇದೆಯಾ, ಅದನ್ನು ಮುಂದಕ್ಕೆ ಒಯ್ಯುವ ಸಾಮರ್ಥ್ಯ ನಿಮಗಿದೆಯಾ, ಕೆಲಸ ಕೊಡುವವರು ಇರಲೇಬೇಕೆಂಬ ಸಾಮಾನ್ಯ ಷರತ್ತು ಬಿಟ್ಟುಕೊಡುವುದರಿಂದ ಅಮೆರಿಕಕ್ಕೆ ಲಾಭವಾ. ಭಾರತದಲ್ಲಿ ಹುಟ್ಟಿದವರಿಗೆ ಇಬಿ-2 ಸರದಿ ದಶಕ ಮೀರಿದ್ದು ಎಲ್ಲರಿಗೂ ಗೊತ್ತು. ಆದರೂ ಹಾಕಿ. ಮಂಜೂರಾದ ಐ-140 ನಿಮ್ಮ ಸ್ವಂತದ್ದು. ಕೆಲಸ ಬಿಟ್ಟರೂ ಯಾರೂ ಅದನ್ನು ವಾಪಸ್ ಪಡೆಯುವುದಿಲ್ಲ. ಅದರ ಬಲದಿಂದ ಆರು ವರ್ಷದ ನಂತರವೂ ಎಚ್-1ಬಿ ವಿಸ್ತರಿಸಬಹುದು, ಮನೆಯವರಿಗೆ ಎಚ್-4 ಇಎಡಿ ಸಿಗುತ್ತದೆ. ಸ್ಥಾಪಕರಿಗೆ ಇಷ್ಟು ಭದ್ರತೆ ಬೇರೆಲ್ಲೂ ಸಿಗದು.

ಹಂತ 5: ವಕೀಲರನ್ನು ಆರಿಸಿ, ಕಡತ ಕಟ್ಟಿ

ಈಗಿನ ಕಂಪನಿಯ ವಕೀಲರನ್ನು ಕೇಳಬೇಡಿ. ಅವರು ಕಂಪನಿಯ ಹಿತ ನೋಡಬೇಕಾದವರು. ರಾಜ್ಯದ ಬಾರ್‌ನಲ್ಲಿ ನೋಂದಣಿ ಇರುವ, ಸ್ಥಾಪಕರ ಅರ್ಜಿಗಳನ್ನು ಮಾಡಿರುವ ವಕೀಲರನ್ನು ಹುಡುಕಿ. "ಕನ್ಸಲ್ಟೆನ್ಸಿ" ಎಂದು ಬೋರ್ಡ್ ಹಾಕಿಕೊಂಡವರು ವಕೀಲರಲ್ಲ. ಮೊದಲ ಭೇಟಿಯಲ್ಲೇ ಕೇಳಿ: ನನ್ನ ದಾರಿಯಲ್ಲಿ ಅತಿ ದುರ್ಬಲ ಭಾಗ ಯಾವುದು? ಅರ್ಜಿ ತಿರಸ್ಕಾರವಾದರೆ ಮರುದಿನ ನನ್ನ ಸ್ಥಾನಮಾನ ಏನು? ಎರಡಕ್ಕೂ ನೇರ ಉತ್ತರ ಕೊಡದೆ "ಖಂಡಿತ ಆಗುತ್ತೆ" ಎನ್ನುವವರನ್ನು ಬಿಡಿ.

ಕಡತದಲ್ಲಿ ಇರಬೇಕಾದ್ದು: ನೋಂದಣಿ ಪತ್ರ, ಷೇರುಗಳ ಪಟ್ಟಿ, ಬ್ಯಾಂಕ್ ಸ್ಟೇಟ್‌ಮೆಂಟ್, ವ್ಯವಹಾರ ಯೋಜನೆ, ಗ್ರಾಹಕರ ಒಪ್ಪಂದ ಅಥವಾ ಆಸಕ್ತಿ ಪತ್ರ, ಕಚೇರಿಯ ಕರಾರು, ನಿಮ್ಮ ಹುದ್ದೆಯ ಕೆಲಸಗಳು ಮತ್ತು ಯಾವುದಕ್ಕೆ ಎಷ್ಟು ಸಮಯ ಎಂಬ ವಿವರ. ಈ ಕೊನೆಯದನ್ನು ವಕೀಲರಿಗೆ ಬಿಡದೆ ನೀವೇ ಬರೆಯಿರಿ. ಅಧಿಕಾರಿಗಳು ಕೆಲಸದ ಜಾಗಕ್ಕೆ ಬಂದು ನೋಡಬಹುದು, ಮನೆಯೇ ಆಫೀಸಾಗಿದ್ದರೂ. ಬರೆದದ್ದಕ್ಕೂ ಮಾಡುತ್ತಿರುವುದಕ್ಕೂ ತಾಳೆ ಇರಬೇಕು.

ಲಿಂಕ್ಡ್‌ಇನ್ ಕೂಡ ಕಡತದ ಭಾಗ ಎಂದೇ ತಿಳಿಯಿರಿ. 2025ರ ಡಿಸೆಂಬರ್ 15ರಿಂದ ಎಚ್-1ಬಿ, ಎಚ್-4 ವೀಸಾ ಕೇಳುವವರ ಸೋಶಿಯಲ್ ಮೀಡಿಯಾವನ್ನೂ ಪರಿಶೀಲಿಸುತ್ತಿದ್ದಾರೆ. ಅನುಮತಿ ಬರುವ ಒಂದು ವರ್ಷ ಮುಂಚಿನಿಂದ "ಸ್ಥಾಪಕ, ಸಿಇಒ, ಪೂರ್ಣಾವಧಿ" ಎಂದು ಹಾಕಿಕೊಂಡಿದ್ದರೆ ಅದಕ್ಕೆ ಉತ್ತರ ಕೊಡಬೇಕಾಗುತ್ತದೆ. ಕೋಡ್ ಇಡುವ ತಾಣ ಗಿಟ್‌ಹಬ್‌ನಲ್ಲಿ ಪ್ರತಿ ಬದಲಾವಣೆಗೂ ತಾರೀಖು ಇರುತ್ತದೆ ಅನ್ನುವುದೂ ನೆನಪಿರಲಿ.

ಹಂತ 6: ಕೆಲಸ ಬಿಡುವ ಕ್ರಮ

ಕ್ರಮ ಹೀಗಿರಲಿ: ಕಂಪನಿ ನೋಂದಣಿ, ಹಣ, ಅರ್ಜಿ, ಮಂಜೂರಾತಿ, ಕೊನೆಗೆ ರಾಜೀನಾಮೆ. ಎಚ್-1ಬಿ ಕೆಲಸ ಹೋದರೆ ಅಥವಾ ಬಿಟ್ಟರೆ 60 ದಿನದವರೆಗೆ ಕಾಲಾವಕಾಶ ಇದೆ. ಐ-94 ಅದಕ್ಕೂ ಮುಂಚೆ ಮುಗಿದರೆ ಅಷ್ಟೇ ದಿನ. ಆ 60 ದಿನ ಇರುವುದಕ್ಕೆ ಅನುಮತಿ, ಕೆಲಸಕ್ಕೆ ಅಲ್ಲ. ಕಂಪನಿ ಕಟ್ಟಲು ಆ ಸಮಯ ಬಳಸುತ್ತೇನೆ ಎಂದು ಲೆಕ್ಕ ಹಾಕಬೇಡಿ.

ಲೇಆಫ್ ಆಗಿ ಈಗಾಗಲೇ ಆ 60 ದಿನದೊಳಗೆ ಇದ್ದೀರಾ? ಹಾಗಿದ್ದರೆ ಮೊದಲು ನಿಮ್ಮ ಸ್ಥಾನಮಾನ ಉಳಿಸಿಕೊಳ್ಳಿ. ಬೇರೆ ಕಂಪನಿಯ ಎಚ್-1ಬಿ, ಅಥವಾ ಗಂಡ ಇಲ್ಲವೇ ಹೆಂಡತಿಯ ಮೇಲೆ ಎಚ್-4, ಯಾವುದು ಬೇಗ ಆಗುತ್ತದೋ ಅದು. ಕೈಯಲ್ಲಿ ಹಣ ಇಲ್ಲದ ಹೊಸ ಕಂಪನಿಯಿಂದ ಅವಸರದಲ್ಲಿ ಹಾಕಿದ ಅರ್ಜಿ ನಿಲ್ಲುವುದು ಕಷ್ಟ. ಕಂಪನಿ ಆರು ತಿಂಗಳು ಕಾಯುತ್ತದೆ.

ಹಂತ 7: ಅನುಮತಿ ಸಿಕ್ಕ ಮೇಲೆ

ಎಚ್-1ಬಿಯಾಗಿದ್ದರೆ ಮೊದಲ ತಿಂಗಳಿಂದಲೇ ಸಂಬಳ ಕಂಪನಿಯ ವೇತನಪಟ್ಟಿಯ ಮೂಲಕ, ತೆರಿಗೆ ಮುರಿದುಕೊಂಡು ಬರಬೇಕು. ಕಂಪನಿ ಖಾತೆಯಿಂದ ಸುಮ್ನೆ ನಿಮ್ಮ ಖಾತೆಗೆ ದುಡ್ಡು ಹಾಕಿಕೊಂಡರೆ ಅದು ಸಂಬಳ ಎನ್ನಿಸುವುದಿಲ್ಲ. ಎಲ್‌ಸಿಎ, ಸಂಬಳದ ಆಧಾರ ಇರುವ ಸಾರ್ವಜನಿಕ ಕಡತವೊಂದನ್ನು ಕಂಪನಿ ಇಟ್ಟಿರಬೇಕು. ಆಫೀಸು ಬೇರೆ ಊರಿಗೆ ಹೋದರೆ ತಿದ್ದುಪಡಿ ಅರ್ಜಿ ಬೇಕಾಗಬಹುದು. ಭಾರತದಲ್ಲಿರುವ ನಿಮ್ಮ ಖಾತೆಗಳ ಮೊತ್ತ ವರ್ಷದಲ್ಲಿ ಯಾವತ್ತಾದರೂ ಒಟ್ಟು 10,000 ಡಾಲರ್ ಮೀರಿದ್ದರೆ ಎಫ್‌ಬಿಎಆರ್ ಎಂಬ ವರದಿ ಸಲ್ಲಿಸಿ. ಕಂಪನಿಯ ಗಡಿಬಿಡಿಯಲ್ಲಿ ಇದನ್ನು ಮರೆಯುವವರು ಜಾಸ್ತಿ.

ಮಂಜೂರಾದ ತಕ್ಷಣ ಊರಿಗೆ ಹೋಗುವ ಟಿಕೆಟ್ ಮಾಡಬೇಡಿ. ಅಮೆರಿಕದ ಒಳಗೇ ಸ್ಥಾನಮಾನ ಬದಲಾಯಿಸಿಕೊಂಡಿದ್ದರೆ, ಹೊರಗೆ ಹೋದವರು ಹೊಸ ಸ್ಟಾಂಪಿಂಗ್ ಆಗದೆ ವಾಪಸ್ ಬರಲಾಗುವುದಿಲ್ಲ. ಸಂದರ್ಶನದ ದಿನಾಂಕ ಸಿಗುವುದು ತಿಂಗಳುಗಟ್ಟಲೆ ತಡವಾಗಬಹುದು. ಬೇರೆ ದೇಶಕ್ಕೆ ಹೋಗಿ ಸ್ಟಾಂಪ್ ಮಾಡಿಸುವ ಹಳೆಯ ಉಪಾಯ 2025ರ ಸೆಪ್ಟೆಂಬರ್‌ನಿಂದ ಹೆಚ್ಚಾಗಿ ಮುಚ್ಚಿಹೋಗಿದೆ. ಹೋಗಲೇಬೇಕಾದರೆ ಮೊದಲು ಅಪಾಯಿಂಟ್‌ಮೆಂಟ್, ಆಮೇಲೆ ಟಿಕೆಟ್.

18 ತಿಂಗಳ ಎಚ್-1ಬಿ ಸಿಕ್ಕವರು ಇವತ್ತೇ ಕ್ಯಾಲೆಂಡರ್‌ನಲ್ಲಿ 12ನೇ ತಿಂಗಳನ್ನು ಗುರುತು ಹಾಕಿ. ವಿಸ್ತರಣೆಯ ಅರ್ಜಿಯನ್ನು ಅವಧಿ ಮುಗಿಯುವ ಆರು ತಿಂಗಳು ಮುಂಚಿನಿಂದ ಸಲ್ಲಿಸಬಹುದು. ಆ ಹೊತ್ತಿಗೆ ಒಂದು ವರ್ಷದ ಸಂಬಳದ ಚೀಟಿ, ತೆರಿಗೆ ದಾಖಲೆ, ಗ್ರಾಹಕರ ಬಿಲ್ಲು, ನಿಮ್ಮ ಕೆಲಸದ ಸಮಯದ ವಿವರ ಕಡತದಲ್ಲಿ ಇರಬೇಕು.